ಪದಚರ್ಚೆ: ‘ಬಯೋಸೆಕ್ಯುರಿಟಿ’ಗೆ ಗೇಟಿನ ಮೇಲೆ ಬರೆಯುವಂಥ ಕನ್ನಡ ಬೇಕು (ಅಲ್ಪಾಕಾ ಸಾಕಣೆ, ತುರ್ತು)

ಅನುವಾದಕಿ:
ಎಲ್ಲರಿಗೂ ನಮಸ್ಕಾರ. ಉಣ್ಣೆ ಕೊಡುವ, ಒಂಟೆಯ ಬಳಗದ ಅಲ್ಪಾಕಾ ಎಂಬ ಪ್ರಾಣಿಯನ್ನು ಸಾಕುವವರಿಗಾಗಿ ರೋಗತಡೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೈಪಿಡಿಗೆ ಸಮಯವಿದೆ. ಗೇಟಿಗೆ ಹಾಕುವ ಫಲಕ ಮಾತ್ರ ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಮೂಲದಲ್ಲಿ ದಪ್ಪಕ್ಷರದಲ್ಲಿ ‘ಬಯೋಸೆಕ್ಯುರಿಟಿ ವಲಯ’ ಎಂದಿದೆ. ‘ಜೈವಿಕ ಸುರಕ್ಷತೆ’, ‘ಜೈವಿಕ ಭದ್ರತೆ’ ಎರಡೂ ಬಳಕೆಯಲ್ಲಿವೆ ಎಂಬುದು ಗೊತ್ತು. ಮೊದಲನೆಯದನ್ನು ಪ್ರಯೋಗಾಲಯದವರು ಬಯೋಸೇಫ್ಟಿಗೆ ಹಿಡಿದುಕೊಂಡಿದ್ದಾರೆ. ಎರಡನೆಯದನ್ನು ಓದಿದರೆ ಗೇಟಿನಲ್ಲಿ ಬಂದೂಕುಧಾರಿ ನಿಂತಿರಬೇಕು ಎನ್ನಿಸುತ್ತದೆ. ‘ಜೈವಿಕ’ ಎಂದೊಡನೆ ಗೊಬ್ಬರ ನೆನಪಾಗುವುದು ಬೇರೆ.

ಒಳಗೆ ಬರುವವರು ಬೂಟು ತೊಳೆಯಬೇಕು, ಕೇಳದೆ ಪ್ರಾಣಿಗಳನ್ನು ಮುಟ್ಟಬಾರದು, ಇನ್ನೊಂದು ಹಿಂಡಿನ ಬಳಿಯಿಂದ ನೇರವಾಗಿ ಬಂದಿರಬಾರದು. ಇಷ್ಟನ್ನೂ ಸೂಚಿಸುವ ಒಂದು ಪದ ಇದೆಯೇ?

ಇನ್ನೊಂದು ತೊಡಕು: ಹೊಸದಾಗಿ ತಂದ ಪ್ರಾಣಿಯನ್ನು ಬೇರೆ ಇಡುವುದಕ್ಕೂ ಕಾಯಿಲೆ ಬಿದ್ದದ್ದನ್ನು ಬೇರೆ ಇಡುವುದಕ್ಕೂ ಮೂಲದಲ್ಲಿ ಎರಡು ಪದಗಳಿವೆ, ಎರಡು ದೊಡ್ಡಿಗಳೂ ಇವೆ. ಎರಡಕ್ಕೂ ‘ಪ್ರತ್ಯೇಕವಾಸ’ ಎಂದು ಬರೆದರೆ ಕೆಲಸದವರು ಎರಡನ್ನೂ ಒಂದೇ ಕಡೆ ಕೂಡುವ ಅಪಾಯವಿದೆ. ದಯವಿಟ್ಟು ಬೇಗ ತಿಳಿಸಿ.

ಹಳೆಗನ್ನಡ ಮೇಷ್ಟ್ರು:
‘ರೋಗತಡೆ’ ಎಂದು ತಾವೇ ಬರೆದಿದ್ದೀರಿ. ಅರಿಸಮಾಸ. ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ತಪ್ಪು ಜೋಡಿ. ಮೊದಲ ಸಾಲಿನಲ್ಲೇ ಹೀಗಾದರೆ ಉಳಿದ ಪುಟಗಳ ಗತಿಯೇನು? ‘ರೋಗನಿರೋಧ ವಲಯ’ ಎಂದು ಬರೆಯಿರಿ, ಮೂರೂ ಒಂದೇ ಕುಲದ ಪದಗಳು. ಚರ್ಚೆಗೆ ಅವಕಾಶವಿಲ್ಲ.

ತಿಳಿಗನ್ನಡಿಗ:
ಅವಕಾಶವಿಲ್ಲ ಎಂದವರೇ ಚರ್ಚೆ ತೆರೆದಿದ್ದಾರೆ. ಮೇಷ್ಟ್ರೇ, ‘ದಿನಗೂಲಿ’ಯನ್ನೂ ‘ತಲೆದಂಡ’ವನ್ನೂ ಕನ್ನಡಿಗರು ಇಷ್ಟು ಕಾಲ ಆಡಿಕೊಂಡು ಬಂದಿದ್ದಾರೆ, ಯಾರ ವ್ಯಾಕರಣವೂ ಮುರಿದುಬಿದ್ದಿಲ್ಲ. ಆದರೂ ನಿಮ್ಮ ಸಮಾಧಾನಕ್ಕೆ ಎರಡೂ ಅಚ್ಚಗನ್ನಡದ್ದನ್ನೇ ಕೊಡುತ್ತೇನೆ: ‘ಸೋಂಕುಗಾಪು’.

‘ಸೋಂಕು’ ಎಂದರೆ ಮೊದಲಿಗೆ ತಾಗುವುದು, ಮುಟ್ಟುವುದು. ಬೇನೆ ಅಂಟುವ ಅರ್ಥ ಆಮೇಲೆ ಸೇರಿಕೊಂಡಿತು. ಮೂತಿಗೆ ಮೂತಿ ತಾಗಿಸಿ, ಒಂದರ ಮೇಲೊಂದು ಉಗಿಯುತ್ತಾ ಬದುಕುವ ಪ್ರಾಣಿಗೆ ಇದಕ್ಕಿಂತ ಒಪ್ಪುವ ಪದ ಉಂಟೇ? ಇನ್ನು ‘ಕಾಪು’, ಅದು ‘ಕಾಯು’ವಿನಿಂದ ಬಂದದ್ದು. ಕಾಯುವುದೆಂದರೆ ರಕ್ಷಿಸುವುದು, ದಿನ ಕಳೆಯಲೆಂದು ನಿಲ್ಲುವುದು ಎರಡೂ. ಹೊಸ ಪ್ರಾಣಿಯನ್ನು ಬೇರೆ ಇಟ್ಟಾಗ ಮಾಡುವುದು ಈ ಎರಡನ್ನೇ. ಆದ್ದರಿಂದ ಅದರ ಜಾಗಕ್ಕೆ ‘ಕಾಪುದೊಡ್ಡಿ’, ಕಾಯಿಲೆಯದಕ್ಕೆ ‘ಬೇನೆದೊಡ್ಡಿ’. ಅಲ್ಪಾಕಾ ಎಂಬ ಹೆಸರೂ ಬೇಡ, ‘ಉಣ್ಣೆಯೊಂಟೆ’ ಎನ್ನಿ.

ಹಳೆಗನ್ನಡ ಮೇಷ್ಟ್ರು:
‘ಕಾಯು’ವಿಗೆ ಬಿಸಿಯಾಗು ಎಂಬ ಅರ್ಥವೂ ಇದೆ. ಜ್ವರ ಬಂದದ್ದರ ಮೈಯೂ ಕಾಯುತ್ತದೆ. ಹಾಗಾದರೆ ಅದನ್ನೂ ಕಾಪುದೊಡ್ಡಿಗೇ ತಳ್ಳಬೇಕಾಯಿತು. ‘ಸೋಂಕುಗಾಪು’ ಎಂದರೆ ಸೋಂಕಿನಿಂದ ಕಾಪೋ, ಸೋಂಕಿಗೆ ಕಾಪೋ? ವಿಗ್ರಹವಾಕ್ಯ ಕೊಡಿ. ‘ಉಣ್ಣೆಯೊಂಟೆ’ಯ ಬಗ್ಗೆ ಮಾತನಾಡಲು ನನಗೆ ಇಷ್ಟವಿಲ್ಲ.

ಪಶುವೈದ್ಯ:
ವಿಗ್ರಹವಾಕ್ಯ ನೀವು ನೋಡಿಕೊಳ್ಳಿ. ಮೇಡಂ ಅವರ ಫಲಕಕ್ಕೆ ಕೆಲಸದ ಮಾತು ಹೇಳುತ್ತೇನೆ.

ಮೊದಲು ಬೂಟು. ಔಷಧದ ತೊಟ್ಟಿಯೊಂದನ್ನು ಗೇಟಿನಲ್ಲಿಟ್ಟು ‘ಇಲ್ಲಿ ಅದ್ದಿ’ ಎಂದು ಬರೆದುಬಿಟ್ಟರೆ ಆಗುವುದು ಬರೀ ಮನಸ್ಸಮಾಧಾನ. ಅಡಿಯ ಗೆರೆಗಳಲ್ಲಿ ಹಿಕ್ಕೆ, ಮಣ್ಣು ಮೆತ್ತಿಕೊಂಡಿದ್ದರೆ ಔಷಧದ ಬಲ ಅದಕ್ಕೇ ಖರ್ಚಾಗುತ್ತದೆ, ಕ್ರಿಮಿಯ ತನಕ ಹೋಗುವುದೇ ಇಲ್ಲ. ಬ್ರಷ್ಷಿನಿಂದ ಉಜ್ಜಿ ನೀರಿನಲ್ಲಿ ತೊಳೆಯುವುದು ಮೊದಲು, ಅದ್ದುವುದು ಆಮೇಲೆ. ಅದ್ದಿದ ಮೇಲೂ ಔಷಧದ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಅದು ಬೂಟಿನ ಮೇಲೆ ಹಸಿಯಾಗಿಯೇ ಇರಬೇಕು. ಕದಡಿದ ತೊಟ್ಟಿ ತೊಟ್ಟಿಯೇ ಅಲ್ಲ. ಮೂಲದಲ್ಲಿ ‘ಪಾದಸ್ನಾನ’ ಎಂಬಂತೆ ಏನಾದರೂ ಇದ್ದರೆ ದಯವಿಟ್ಟು ಹಾಗೆ ಬರೆಯಬೇಡಿ, ಬೂಟು ಬಿಚ್ಚುವವರೂ ಇರುತ್ತಾರೆ.

ಎರಡು ದೊಡ್ಡಿಗಳ ವಿಷಯದಲ್ಲಿ ನಿಮ್ಮ ಆತಂಕ ಸರಿಯಾದದ್ದೇ. ಹೊಸದು ಆರೋಗ್ಯವಾಗಿಯೇ ಕಾಣುತ್ತದೆ, ತೊಂದರೆ ಇರುವುದೇ ಅಲ್ಲಿ. ಮೂವತ್ತು ದಿನ ಬೇರೆ ಇಡಿ ಎಂಬುದು ಸಾಮಾನ್ಯ ಸಲಹೆ. ಆದರೆ ಅಲ್ಪಾಕಾಗಳ ಕರುಳಿಗೆ ಬರುವ ಐಮೇರಿಯಾ ಮಕುಸಾನಿಯೆನ್ಸಿಸ್ ಎಂಬ ಪರೋಪಜೀವಿ ಒಳಹೊಕ್ಕ ಮೇಲೆ ಹಿಕ್ಕೆಯಲ್ಲಿ ಕಾಣಿಸಿಕೊಳ್ಳಲು ಒಂದು ತಿಂಗಳಿಗಿಂತ ಹೆಚ್ಚು ಹಿಡಿಯುತ್ತದೆ. ಬಂದ ವಾರವೇ ಒಂದು ಪರೀಕ್ಷೆ ಮಾಡಿಸಿ ‘ಏನೂ ಇಲ್ಲ’ ಎಂದು ಹಿಂಡಿಗೆ ಬಿಡುವವರು ಇದನ್ನು ಗಮನಿಸಬೇಕು. ಬಸುರಿಯನ್ನು ತಂದಿದ್ದರೆ ಇನ್ನೂ ಜೋಪಾನ. ಗಬ್ಬದ ಮೊದಲ ತಿಂಗಳುಗಳಲ್ಲಿ ತಾಯಿಗೆ ಬಿ.ವಿ.ಡಿ. (ದನಗಳಲ್ಲಿ ಭೇದಿ ತರುವ) ವೈರಸ್ ತಗುಲಿದರೆ ಹುಟ್ಟುವ ಮರಿ ಬದುಕಿರುವಷ್ಟು ಕಾಲ ಆ ವೈರಸ್ಸನ್ನು ಹೊರಹಾಕುತ್ತಲೇ ಇರಬಹುದು. ತಾಯಿಯ ಮೈಯಲ್ಲಿ ಆ ಹೊತ್ತಿಗೆ ವೈರಸ್ಸೇ ಇರುವುದಿಲ್ಲ. ಅಲ್ಪಾಕಾದ ಗಬ್ಬ ಹನ್ನೊಂದು ತಿಂಗಳನ್ನು ದಾಟುತ್ತದೆ. ಆದ್ದರಿಂದ ಅಲ್ಲಿ ಲೆಕ್ಕ ಮುಗಿಯುವುದು ದಿನಗಳಲ್ಲಲ್ಲ, ಮರಿ ಹುಟ್ಟಿ ಅದರ ರಕ್ತ ನೋಡಿದ ಮೇಲೆ. ಕ್ಷಯದ ಮಾತೂ ಹೀಗೆಯೇ. ದನಗಳಿಗೆ ಮಾಡುವ ಚರ್ಮದ ಪರೀಕ್ಷೆಯೊಂದನ್ನೇ ನಂಬಿದರೆ ಕ್ಷಯವಿರುವ ಅಲ್ಪಾಕಾಗಳು ಬಹಳಷ್ಟು ನುಸುಳಿಹೋಗುತ್ತವೆ, ರಕ್ತಪರೀಕ್ಷೆಯೂ ಜೊತೆಗಿರಬೇಕು.

ಹೊಸದನ್ನು ಒಂಟಿಯಾಗಿ ಕೂಡಿಹಾಕುವಂತೆಯೂ ಇಲ್ಲ. ಅಲ್ಪಾಕಾ ಒಂಟಿಯಾದರೆ ಕೊರಗುತ್ತದೆ, ಮೇವು ಬಿಡುತ್ತದೆ. ಒಂದು ಜೊತೆಗಾರನನ್ನೂ ಅಲ್ಲೇ ಇಟ್ಟು, ಅದನ್ನೂ ಹೊಸದೆಂದೇ ಎಣಿಸಬೇಕು. ಹಾಗಾಗಿ ‘ಏಕಾಂತ’, ‘ಒಂಟಿ’ ಇತ್ಯಾದಿ ಬೇರಿನ ಪದ ಯಾವುದೂ ಬೇಡ.

ನಾವು ಕೆಲಸದವರಿಗೆ ಹೇಳುವುದು ಹೀಗೆ: ‘ಹೊಸಬರ ದೊಡ್ಡಿ’, ‘ಕೊನೆಯ ದೊಡ್ಡಿ’. ಕಾಯಿಲೆಯದು ಕೊನೆಯ ದೊಡ್ಡಿ, ಏಕೆಂದರೆ ಅಲ್ಲಿಗೆ ಕೊನೆಗೇ ಹೋಗಬೇಕು: ಮೊದಲು ಹಿಂಡು, ಆಮೇಲೆ ಹೊಸಬರು, ಕೊನೆಗೆ ಕಾಯಿಲೆಯವು. ಅಲ್ಲಿನ ಸಲಿಕೆ ಅಲ್ಲೇ, ಬಕೆಟ್ಟು ಅಲ್ಲೇ. ಹೆಸರಿನಲ್ಲೇ ಕ್ರಮವಿದ್ದರೆ ಯಾರೂ ಮರೆಯುವುದಿಲ್ಲ.

ಓದುಗ:
ಡಾಕ್ಟರ ‘ಕೊನೆಯ ದೊಡ್ಡಿ’ಗೆ ನನ್ನ ಮತ. ‘ಉಣ್ಣೆಯೊಂಟೆ’ಗೆ ಮಾತ್ರ ಒಂದು ತಕರಾರಿದೆ. ಕನ್ನಡದಲ್ಲಿ ‘ಉಣ್ಣೆ’ ಎರಡು. ಕಂಬಳಿಯ ಉಣ್ಣೆ ಸಂಸ್ಕೃತದ ‘ಊರ್ಣಾ’ದ ಮಗಳು. ಕೆಚ್ಚಲಿಗೆ ಕಚ್ಚುವ ಉಣ್ಣೆ, ಅಂದರೆ ಉಣುಗು, ನಮ್ಮ ‘ಉಣ್’ ಧಾತುವಿನದು. ರೋಗದ ಕೈಪಿಡಿಯಲ್ಲಿ ‘ವಾರಕ್ಕೊಮ್ಮೆ ಉಣ್ಣೆ ನೋಡಿ’ ಎಂದು ಬರೆದರೆ ಕೂದಲನ್ನು ನೋಡಬೇಕೇ, ಹುಳುವನ್ನು ಹುಡುಕಬೇಕೇ? ಅಚ್ಚಗನ್ನಡದ ಹೆಸರಿನಲ್ಲಿ ತಿಳಿಗನ್ನಡಿಗರು ತಂದದ್ದು ತದ್ಭವವನ್ನು ಎಂಬುದನ್ನೂ ದಾಖಲಿಸುತ್ತೇನೆ.

ತಿಳಿಗನ್ನಡಿಗ:
ತದ್ಭವ ಕನ್ನಡವೇ. ಇದು ಇಲ್ಲಿ ಹಲವು ಸಲ ತೀರ್ಮಾನವಾಗಿದೆ.

ಓದುಗ:
ತದ್ಭವ ಕನ್ನಡವಾದರೆ ‘ಅಲ್ಪಾಕಾ’ ಏಕಾಗಬಾರದು? ಆಂಡೀಸ್ ಬೆಟ್ಟಗಳ ಐಮಾರಾ ಜನರ ಮಾತು ಸ್ಪ್ಯಾನಿಷಿನ ಮೂಲಕ ಜಗತ್ತಿಗೆಲ್ಲ ಹೋಗಿದೆ, ನಮಗೂ ಬಂದಿದೆ. ಪ್ರಾಣಿ ಅವರದು, ಹೆಸರೂ ಅವರದೇ ಇರಲಿ. ಅದೇ ಲೆಕ್ಕದಲ್ಲಿ ‘ಕ್ವಾರಂಟೈನ್’ ಕೂಡ ಇರಲಿ ಎನ್ನುತ್ತೇನೆ. 2020ರಲ್ಲಿ ಪತ್ರಿಕೆಗಳು ‘ದಿಗ್ಬಂಧನ’ ಎಂದು ಬರೆದು ನೋಡಿದವು. ಜನ ಕ್ವಾರಂಟೈನ್ ಎಂದೇ ಹೇಳಿ, ಕ್ವಾರಂಟೈನ್ ಮುಗಿಸಿಕೊಂಡೇ ಹೊರಬಂದರು.

ಹಳೆಗನ್ನಡ ಮೇಷ್ಟ್ರು:
ಕ್ವಾರಂಟೈನ್ ಎಂದರೆ ಇಟಲಿಯವರ ಲೆಕ್ಕದಲ್ಲಿ ನಲವತ್ತು. ಡಾಕ್ಟರು ಹೇಳಿದ್ದು ಮೂವತ್ತು. ಸಂಖ್ಯೆಯೇ ಹೊಂದದ ಪದವನ್ನು ಕಡ ತಂದು ಏನು ಮಾಡುತ್ತೀರಿ?

ಓದುಗ:
ಮೇಷ್ಟ್ರೇ, ಅಲ್ಲಿಯೂ ಮೊದಲಿಗೆ ಇದ್ದದ್ದು ಮೂವತ್ತೇ. ಇಂದಿನ ಡುಬ್ರೋವ್ನಿಕ್ ಆಗಿರುವ ರಗೂಸಾ ನಗರ 1377ರಲ್ಲಿ ಮಾಡಿದ ಕಟ್ಟಳೆಯಲ್ಲಿ, ಪ್ಲೇಗಿನ ಊರುಗಳಿಂದ ಬಂದವರು ಒಂದು ತಿಂಗಳು ಹೊರಗಿರಬೇಕಿತ್ತು. ನಲವತ್ತಾದದ್ದು ಆಮೇಲೆ. ಪದದೊಳಗಿನ ಅಂಕಿ ಯಾವತ್ತೋ ಸತ್ತಿದೆ. ಅದಿನ್ನೂ ಬದುಕಿರುವುದು ಈ ಬಳಗದಲ್ಲಿ ಮಾತ್ರ.

ತಿಳಿಗನ್ನಡಿಗ:
ಕಡ ತಂದದ್ದಕ್ಕೆಲ್ಲ ಹೀಗೊಂದು ಕತೆ ಕಟ್ಟಬಹುದು. ಇಂದು ಕ್ವಾರಂಟೈನ್, ನಾಳೆ ಬಯೋಸೆಕ್ಯುರಿಟಿ, ನಾಡಿದ್ದು ಹಿಂಡಿಗೆ ‘ಹರ್ಡ್’. ಕೊನೆಗೆ ಕನ್ನಡಕ್ಕೆ ಉಳಿಯುವುದು ‘ಇದೆ’, ‘ಇಲ್ಲ’ ಎಂಬ ಎರಡು ಕ್ರಿಯಾಪದ.

ಪಶುವೈದ್ಯ:
ಹಿಂಡಿನ ಮಾತು ಬಂದದ್ದರಿಂದ ಇನ್ನೊಂದು. ಕೈಪಿಡಿಯಲ್ಲಿ ಹಿಕ್ಕೆಯ ಬಗ್ಗೆ ಒಂದು ಭಾಗ ಇದ್ದೇ ಇರುತ್ತದೆ. ಅಲ್ಪಾಕಾಗಳು ಹಿಂಡಿಗೆಲ್ಲ ಗೊತ್ತಾದ ಒಂದೆರಡು ಜಾಗದಲ್ಲೇ ಹಿಕ್ಕೆ ಹಾಕುತ್ತವೆ, ಅದರ ಸುತ್ತ ಮೇಯುವುದೂ ಕಡಿಮೆ. ಜಂತುಹುಳುವಿನ ಕಾಟ ತಗ್ಗಿಸಲು ಇದಕ್ಕಿಂತ ದೊಡ್ಡ ಉಪಕಾರವಿಲ್ಲ, ಆ ಗುಡ್ಡೆಗಳನ್ನು ಆಗಾಗ ಎತ್ತಿಹಾಕಿದರೆ ಸಾಕು. ಪೇಚೇನೆಂದರೆ ಯಾವ ಹಿಕ್ಕೆ ಯಾರದ್ದೆಂದು ತಿಳಿಯದು. ಮಾದರಿ ಬೇಕಾದಾಗ ಒಬ್ಬರು ಅಲ್ಲೇ ನಿಂತು, ಹಾಕಿದ ಕೂಡಲೇ ಆ ಪ್ರಾಣಿಯ ಕಿವಿಯ ಸಂಖ್ಯೆ ಬರೆದುಕೊಂಡು ಎತ್ತಬೇಕು. ಲದ್ದಿಯೂ ಅಲ್ಲ, ಸಗಣಿಯೂ ಅಲ್ಲ. ಗುಂಡುಗುಂಡಾಗಿ ಬೀಳುವುದರಿಂದ ಕುರಿಯ ಪದವೇ ಸರಿ. ‘ಹಿಕ್ಕೆಗುಡ್ಡೆ’ ಎಂದು ಬರೆಯಿರಿ.

ಕೂದಲು ಕತ್ತರಿಸುವವರಿಗೂ ಒಂದು ಸಾಲು ಬೇಕು. ಅವರು ಹಿಂಡಿನಿಂದ ಹಿಂಡಿಗೆ ಹೋಗುವವರು. ಕತ್ತರಿ, ಹಾಸು, ತೊಟ್ಟ ಬಟ್ಟೆ ಎಲ್ಲದರಲ್ಲೂ ಕಜ್ಜಿಯ ಹುಳು ಪ್ರಯಾಣ ಮಾಡುತ್ತದೆ. ಕತ್ತರಿಸುವ ದಿನವೇ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ನೋಡಿಕೊಳ್ಳಲಿ, ಉಳಿದ ದಿನಗಳಲ್ಲಿ ಆ ದಟ್ಟ ಕೂದಲಿನಡಿ ಪ್ರಾಣಿ ಸೊರಗಿದ್ದು ಕಣ್ಣಿಗೆ ಕಾಣುವುದಿಲ್ಲ. ಕೋಳಿಗಳನ್ನೂ ದೂರವಿಡಿ. 2024ರ ಮೇ ತಿಂಗಳಲ್ಲಿ ಅಮೆರಿಕದ ಐಡಹೊದಲ್ಲಿ ಹಕ್ಕಿಜ್ವರ ಬಂದ ಕೋಳಿಗಳಿದ್ದ ಜಾಗದಲ್ಲೇ ಅಲ್ಪಾಕಾಗಳಿಗೂ ಆ ಜ್ವರದ ಎಚ್5ಎನ್1 ವೈರಸ್ ತಗುಲಿದ್ದು ಖಚಿತವಾಯಿತು.

ಹಳೆಗನ್ನಡ ಮೇಷ್ಟ್ರು:
‘ಹಕ್ಕಿಜ್ವರ’. ಮತ್ತೊಂದು.

ಅನುವಾದಕಿ:
ಎಲ್ಲರಿಗೂ ವಂದನೆಗಳು. ಅಚ್ಚಿನವರು ಎರಡು ಸಲ ಕರೆ ಮಾಡಿದ್ದರಿಂದ ಇನ್ನು ಕಾಯುವಂತಿರಲಿಲ್ಲ. ಫಲಕ ಹೀಗೆ ಹೋಯಿತು:

‘ಸೋಂಕುತಡೆ ವಲಯ. ಬೂಟನ್ನು ಮೊದಲು ಉಜ್ಜಿ ತೊಳೆಯಿರಿ, ಆಮೇಲೆ ತೊಟ್ಟಿಯಲ್ಲಿ ಅದ್ದಿ. ಕೇಳದೆ ಪ್ರಾಣಿಗಳನ್ನು ಮುಟ್ಟಬೇಡಿ. ಇಂದು ಬೇರೆ ಹಿಂಡಿನ ಬಳಿ ಹೋಗಿದ್ದರೆ ಒಳಗೆ ಬರಬೇಡಿ.’

‘ಸೋಂಕು’ ತಿಳಿಗನ್ನಡಿಗರದು, ತೊಳೆಯುವ ಕ್ರಮ ಡಾಕ್ಟರದು. ‘ಕಾಪು’ವನ್ನು ಬಿಟ್ಟದ್ದಕ್ಕೆ ಕ್ಷಮೆಯಿರಲಿ, ದೂರದಿಂದ ಓದುವವರಿಗೆ ‘ತಡೆ’ ಬೇಗ ಹಿಡಿಯುತ್ತದೆ. ಹೊಸಬರ ದೊಡ್ಡಿ, ಕೊನೆಯ ದೊಡ್ಡಿ ಎಂಬ ಎರಡು ಸಣ್ಣ ಫಲಕಗಳೂ ಹೋದವು. ಕೈಪಿಡಿಯಲ್ಲಿ ‘ಕ್ವಾರಂಟೈನ್’ ಇಟ್ಟುಕೊಳ್ಳುತ್ತೇನೆ. ಈಗ ಗಿಣ್ಣುಹಾಲಿನ ಅಧ್ಯಾಯಕ್ಕೆ ಬಂದಿದ್ದೇನೆ. ಅಲ್ಪಾಕಾದ ಕೂಸಿಗೆ ‘ಕರು’ ಎನ್ನಬೇಕೋ ‘ಮರಿ’ ಎನ್ನಬೇಕೋ? ಡಾಕ್ಟರು ಮರಿ ಎಂದಿದ್ದಾರೆ, ಆದರೆ ಮೂಲದಲ್ಲಿ ಅದಕ್ಕೆ ‘ಕ್ರಿಯಾ’ ಎಂಬ ಬೇರೆಯೇ ಹೆಸರಿದೆ.

ತಿಳಿಗನ್ನಡಿಗ:
ಕ್ವಾರಂಟೈನ್ ಇಟ್ಟುಕೊಂಡ ಮೇಲೆ ನಮ್ಮನ್ನೇಕೆ ಕೇಳುತ್ತೀರಿ.

ಓದುಗ:
‘ಕ್ರಿಯಾ’ ಮಾತ್ರ ಬೇಡ. ‘ಹುಟ್ಟಿದ ದಿನವೇ ಕ್ರಿಯಾಗೆ ಗಿಣ್ಣುಹಾಲು ಕುಡಿಸಿ’ ಎಂದರೆ ಓದಿದವರು ಉತ್ತರಕ್ರಿಯೆಯವರೆಗೂ ಹೋಗುತ್ತಾರೆ.

ಹಳೆಗನ್ನಡ ಮೇಷ್ಟ್ರು:
ಮರಿ. ಒಂಟೆಗೂ ಮರಿಯೇ. ‘ಸೋಂಕುತಡೆ ವಲಯ’ದಲ್ಲಿ ‘ವಲಯ’ವನ್ನು ಬಿಡಿಸಿ ಬರೆದಿದ್ದೀರಿ. ಬಿಡಿಸಿ ಬರೆದ ಮಾತ್ರಕ್ಕೆ ಅರಿಸಮಾಸ ತಪ್ಪುವುದಿಲ್ಲ. ನನ್ನ ಆಕ್ಷೇಪ ಹಾಗೆಯೇ ಇದೆ.