ಗ್ಲೋವ್‌ಬಾಕ್ಸ್ ತೆರೆಯದೆ ಪ್ಲುಟೋನಿಯಂ ಹೊರಗೆ ತರುವುದು ಹೇಗೆ?

ಪ್ರಶ್ನೆ:
ಅಮೆರಿಕದ ಹ್ಯಾನ್‌ಫರ್ಡ್ ಬಗ್ಗೆ ಓದುತ್ತಿದ್ದೇನೆ. ಅಲ್ಲಿನ ಪ್ಲುಟೋನಿಯಂ (ವಿಕಿರಣ ಸೂಸುವ ಲೋಹ) ಕಾರ್ಖಾನೆ 1989ರಲ್ಲಿ ಉತ್ಪಾದನೆ ನಿಲ್ಲಿಸಿದ ಮೇಲೂ ಒಳಗೆ ಪುಡಿ, ದ್ರಾವಣ ಎಲ್ಲ ಹಾಗೇ ಉಳಿದಿತ್ತು. ಗ್ಲೋವ್‌ಬಾಕ್ಸ್, ಅಂದರೆ ಹೊರಗಿನಿಂದಲೇ ಕೈ ಹಾಕಿ ಕೆಲಸ ಮಾಡಲು ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆ, ತೆರೆಯುವ ಹಾಗಿಲ್ಲ ಅಂದ ಮೇಲೆ ಒಳಗಿನದನ್ನು ಹೊರಗೆ ತರುವುದು ಹೇಗೆ? ಸುಮ್ನೆ ಮುಚ್ಚಿ ಬಿಟ್ಟರೆ ಏನಾಗುತ್ತೆ?

ಉತ್ತರ 1:
ಪೆಟ್ಟಿಗೆಯ ಪಕ್ಕದಲ್ಲಿ ದುಂಡನೆಯ ಬಾಯಿ ಇರುತ್ತೆ, ಅದಕ್ಕೆ ದಪ್ಪ ಪ್ಲಾಸ್ಟಿಕ್ಕಿನ ಉದ್ದ ಚೀಲ ಬಿಗಿದಿರುತ್ತಾರೆ. ಕೈಗವಸಿನಲ್ಲಿ ಡಬ್ಬಿ ಹಿಡಿದು ಆ ಚೀಲದೊಳಕ್ಕೆ ದೂಡಿ, ಡಬ್ಬಿಯ ಹಿಂದಿನ ಪ್ಲಾಸ್ಟಿಕ್ಕನ್ನು ಬಿಸಿ ಕೊಟ್ಟು ಅಂಟಿಸಿ, ಅಂಟಿದ ಪಟ್ಟಿಯ ನಟ್ಟನಡುವೆ ಕತ್ತರಿಸುತ್ತಾರೆ. ಅಂಗಡಿಯಲ್ಲಿ ನೇತು ಹಾಕಿದ ಶಾಂಪೂ ಪ್ಯಾಕೆಟ್ ಸರದಿಂದ ಒಂದನ್ನು ಕತ್ತರಿಸಿ ಕೊಡ್ತಾರಲ್ಲ, ಹಾಗೆ. ಎರಡೂ ಕಡೆ ಮುಚ್ಚಿಯೇ ಇರುತ್ತೆ. ಪೆಟ್ಟಿಗೆಯ ಒಳಗಿನ ಒತ್ತಡವೂ ಕಡಿಮೆ, ಸಣ್ಣ ತೂತಾದರೆ ಗಾಳಿ ಒಳಕ್ಕೇ ಹೋಗುತ್ತೆ. ಪ್ಲುಟೋನಿಯಂ ಸೂಸುವ ವಿಕಿರಣದ ಕಣ (ಆಲ್ಫಾ ಕಣ) ಚರ್ಮ ದಾಟಲ್ಲ, ಆದರೆ ಪುಡಿ ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋದರೆ ಕಷ್ಟ.

ಉತ್ತರ 2:
ಚೀಲದಲ್ಲಿ ಹೊರಗೆ ಬಂದರೆ ಕೆಲಸ ಮುಗಿಯಲ್ಲ. ಪುಡಿಯಲ್ಲಿ ತೇವ ಇದ್ದರೆ ವಿಕಿರಣ ಆ ನೀರನ್ನೇ ಒಡೆದು ಹೈಡ್ರೋಜನ್ ಮಾಡುತ್ತೆ, ಡಬ್ಬಿ ಉಬ್ಬುತ್ತೆ. ಅದಕ್ಕೇ ಪುಡಿಯನ್ನು 950 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 2 ಗಂಟೆ ಕಾಯಿಸಿ, ತೇವ ಶೇಕಡಾ 0.5ಕ್ಕಿಂತ ಕಡಿಮೆ ಇದೆ ಅಂತ ಖಚಿತ ಮಾಡಿಕೊಂಡು, ಒಂದರೊಳಗೊಂದು ಸ್ಟೀಲ್ ಡಬ್ಬಿಗಳಲ್ಲಿ ಹಾಕಿ ವೆಲ್ಡ್ ಮಾಡುತ್ತಾರೆ. ಲೆಕ್ಕ 50 ವರ್ಷದ್ದು. ಹ್ಯಾನ್‌ಫರ್ಡ್‌ನಲ್ಲಿ ಈ ಕೆಲಸ 2004ರಲ್ಲಿ ಮುಗಿಯಿತು.

ಉತ್ತರ 3:
'ಸುಮ್ನೆ ಬಿಟ್ಟರೆ' ಅಂದಿರಲ್ಲ, ಅದೇ ಕಾರ್ಖಾನೆಯಲ್ಲಿ ಹಾಗೆ ಆಗಿದೆ. ಮುಷ್ಕರದಿಂದಾಗಿ ಅಮೆರಿಷಿಯಂ (ಇದೂ ವಿಕಿರಣ ಸೂಸುವ ಲೋಹವೇ) ಇದ್ದ ಒಂದು ಕಾಲಮ್, ಅಂದರೆ ಅದನ್ನು ಬೇರ್ಪಡಿಸುವ ಉದ್ದ ಕೊಳವೆ, ತಿಂಗಳುಗಟ್ಟಲೆ ಹಾಗೇ ನಿಂತಿತ್ತು. 1976ರ ಆಗಸ್ಟ್ 30ರಂದು ಅದಕ್ಕೆ ನೈಟ್ರಿಕ್ ಆಸಿಡ್ ಬಿಟ್ಟಾಗ ಸಿಡಿಯಿತು, ಗ್ಲೋವ್‌ಬಾಕ್ಸಿನ ಗಾಜು ಒಡೆದು ಹೆರಾಲ್ಡ್ ಮೆಕ್‌ಕ್ಲಸ್ಕಿ ಅನ್ನುವ ಕೆಲಸಗಾರನ ಮುಖಕ್ಕೆ ಬಿತ್ತು. ಆಗ ಅವರಿಗೆ 64 ವರ್ಷ. ಅವರು ಬದುಕಿದ್ದು 1987ರವರೆಗೆ, ಆದರೆ ತಿಂಗಳುಗಟ್ಟಲೆ ಬೇರೆಯವರಿಂದ ದೂರ ಇಟ್ಟು ಚಿಕಿತ್ಸೆ ಕೊಡಬೇಕಾಯಿತು. ಓದಿದಾಗ ನನಗೆ ತುಂಬಾ ಬೇಜಾರಾಯಿತು.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್, ಶಾಂಪೂ ಪ್ಯಾಕೆಟ್ ಉದಾಹರಣೆಯಿಂದ ಪೂರ್ತಿ ಅರ್ಥ ಆಯ್ತು. ಖಾಲಿ ಪೆಟ್ಟಿಗೆಗಳನ್ನು ಏನು ಮಾಡ್ತಾರೆ?

ಉತ್ತರ 2:
ಪೂರ್ತಿ ಖಾಲಿ ಆಗಲ್ಲ. ಮೂಲೆಯಲ್ಲಿ ಉಳಿದ ಪುಡಿ ಏಳದ ಹಾಗೆ ಒಳಗಡೆ ಬಣ್ಣದಂಥ ಲೇಪ ಬಳಿದು, ಬೇಕಾದರೆ ತುಂಡು ಮಾಡಿ ಕಟ್ಟುತ್ತಾರೆ. ಜಾಸ್ತಿ ಪ್ಲುಟೋನಿಯಂ ಅಂಟಿರುವುದು ನ್ಯೂ ಮೆಕ್ಸಿಕೋದಲ್ಲಿ, ನೆಲದಿಂದ 655 ಮೀಟರ್ ಕೆಳಗಿರುವ ಉಪ್ಪಿನ ಪದರಕ್ಕೆ ಹೋಗುತ್ತೆ.