ಗುಡ್ಡ ಜರಿದು ರಸ್ತೆ ಬಂದ್: ಹೆರಿಗೆಗೆ ಉಪಕೇಂದ್ರದಲ್ಲಿ ಏನಿರಬೇಕು?

ಪ್ರಶ್ನೆ: ನಮ್ಮದು ಹೊಸನಗರ ಕಡೆಯ ಆರೋಗ್ಯ ಉಪಕೇಂದ್ರ. ಆಷಾಢದಲ್ಲಿ ಹಳ್ಳ ಉಕ್ಕಿದರೆ 108 ಬರಲ್ಲ, ಕರೆಂಟೂ ಇರಲ್ಲ. ಕಿಟ್‌ನಲ್ಲಿ ಏನಿಡಬೇಕು? ಹೆರಿಗೆ ಆದ ಮೇಲೆ ರಕ್ತಸ್ರಾವ ತಡೆಯೋ ಆಕ್ಸಿಟೋಸಿನ್ ಇಂಜೆಕ್ಷನ್ ಫ್ರಿಜ್ ಇಲ್ಲದೆ ಉಳಿಯುತ್ತಾ?

ಉತ್ತರ 1: ಕಿಟ್ ದೊಡ್ಡ ವಿಷಯ ಅಲ್ಲ: ಪ್ಲಾಸ್ಟಿಕ್ ಹಾಳೆ, ಸೋಪು, ಕೈಗವಸು, ಹೊಸ ಬ್ಲೇಡು, ಹೊಕ್ಕುಳಬಳ್ಳಿಗೆ ಕ್ಲಾಂಪು, ಮಗು ಒರೆಸಲು ಒಣಬಟ್ಟೆ. ನಮ್ಮ ಮಳೆಗೆ ಬಟ್ಟೆಗೆ ಬೂಷ್ಟು ಹಿಡಿಯುತ್ತೆ, ಗಾಳಿಯಾಡದ ಕವರಿನಲ್ಲಿಡಿ. ಕಷ್ಟ ಇರೋದು ಆಕ್ಸಿಟೋಸಿನ್ ಕಾಪಾಡೋದರಲ್ಲಿ. 2ರಿಂದ 8 ಡಿಗ್ರಿಯಲ್ಲಿರಬೇಕು. ಬಿಸಿಗೆ ಕೆಟ್ಟರೂ ನೋಡೋಕೆ ತಿಳಿನೀರೇ. ಚುಚ್ಚಿದ ಮೇಲೂ ರಕ್ತ ನಿಲ್ಲದಿದ್ದಾಗಲೇ ಗೊತ್ತಾಗೋದು. ಲಸಿಕೆ ಕ್ಯಾರಿಯರ್‌ನಲ್ಲಿ (ಐಸ್‌ಪ್ಯಾಕ್ ಹಾಕೋ ತಂಪು ಪೆಟ್ಟಿಗೆ) ಇಡಿ. ಐಸ್‌ಪ್ಯಾಕ್ ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಬರಬೇಕು, ಗಟ್ಟಿ ಐಸಾದರೆ ಔಷಧಿ ಹೆಪ್ಪುಗಟ್ಟುತ್ತೆ.

ಉತ್ತರ 2: ಕರೆಂಟನ್ನೇ ನಂಬಬೇಡಿ, ಅದೇ ರಕ್ತಸ್ರಾವ ತಡೆಯೋಕೆ ಫ್ರಿಜ್ ಬೇಡದ ಮಿಸೊಪ್ರೊಸ್ಟಾಲ್ ಮಾತ್ರೆ ಇಟ್ಟುಕೊಳ್ಳಿ. 200 ಮೈಕ್ರೋಗ್ರಾಂನ 3 ಮಾತ್ರೆ, ಒಟ್ಟಿಗೆ ಬಾಯಲ್ಲಿ. ಮಗು ಹುಟ್ಟಿದ ಮೇಲೆ, ಹೊಟ್ಟೆ ಮುಟ್ಟಿ ಒಳಗೆ ಇನ್ನೊಂದು ಮಗು ಇಲ್ಲ ಅಂತ ಖಚಿತಪಡಿಸಿಕೊಂಡೇ ಕೊಡಬೇಕು. ಮೊದಲೇ ಕೊಟ್ಟರೆ ಗರ್ಭಕೋಶ ಹರಿಯಬಹುದು. ಚಳಿ, ಜ್ವರ ಬರೋದು ಸಹಜ. ಮಾತ್ರೆ ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ, ತೇವಕ್ಕೆ ಶಕ್ತಿ ಕಳೆದುಕೊಳ್ಳುತ್ತೆ.

ಉತ್ತರ 3: ಹೆರಿಗೆ ಒಂದೇ ಅಲ್ಲ ಮಾರಾಯ್ರೆ. ಶಾಲೆಯಲ್ಲಿ ಮನೆ ಬಿಟ್ಟು ಬಂದವರಿಗೆ ಕಾಳಜಿ ಕೇಂದ್ರ ತೆರೆದರೆ ಶೌಚಾಲಯಕ್ಕೆ ಒಳಗಿನಿಂದ ಚಿಲಕ, ದೀಪ, ಪ್ಯಾಡು, ಕಾಂಡೋಮು ಬೇಕು. ಅತ್ಯಾಚಾರ ಆದವರಿಗೆ ಎಚ್‌ಐವಿ ತಡೆ ಔಷಧಿ 72 ಗಂಟೆಯೊಳಗೆ, ತುರ್ತು ಗರ್ಭನಿರೋಧಕ 120 ಗಂಟೆಯೊಳಗೆ. ಎರಡೂ ಬೇಗ ಆದಷ್ಟು ಒಳ್ಳೇದು. ಚಿಕಿತ್ಸೆಗೆ ಎಫ್‌ಐಆರ್ ಕಾಯಬೇಕಿಲ್ಲ. ಇನ್ನು, ತಾಯಿ ಕಾರ್ಡ್ ನೋಡಿ ಜುಲೈ-ಆಗಸ್ಟ್‌ನಲ್ಲಿ ದಿನ ತುಂಬುವವರನ್ನು, ಅದರಲ್ಲೂ ಹಿಂದೆ ಸಿಸೇರಿಯನ್ ಆದವರನ್ನು, ಮಳೆ ಜೋರಾಗೋ ಮೊದಲೇ ಪೇಟೆಯ ನೆಂಟರ ಮನೆಗೆ ಕಳಿಸಿ.