ಮೀನೊಂದಕ್ಕೆ ಅರ್ಧ ಹೇನು: ಇಷ್ಟು ಬಿಗಿ ಮಿತಿ ಇದ್ದೂ ಹೊಳೆಯ ಸಾಲ್ಮನ್ ಯಾಕೆ ಉಳಿಯುತ್ತಿಲ್ಲ?

ಅಳಿವೆಬಾಗಿಲು:

ನಾರ್ವೆಯಲ್ಲಿ ಸಮುದ್ರದ ಬಲೆಪಂಜರದಲ್ಲಿ ಸಾಲ್ಮನ್ ಸಾಕುವವರಿಗೆ ಹೇನಿನ (ಮೀನಿನ ಮೈಗೆ ಅಂಟಿ ಬದುಕುವ ಕಡಲ ಪರೋಪಜೀವಿ) ಮಿತಿ ಮೀನೊಂದಕ್ಕೆ ಸರಾಸರಿ 0.5 ಬಲಿತ ಹೆಣ್ಣು ಹೇನು. ಹೊಳೆಯ ಮರಿಗಳು ಸಮುದ್ರಕ್ಕಿಳಿಯುವ ವಸಂತದ ಆರು ವಾರ ಅದು 0.2, ಅಂದರೆ ಐದು ಮೀನಿಗೆ ಒಂದು. ನಮ್ಮ ಕೆರೆ ಸಾಕಣೆಯವರಿಗೆ ಹೇಳಿದರೆ ನಕ್ಕಾರು. ಆದರೂ 2024ರ ಜೂನ್‌ನಲ್ಲಿ ಅಲ್ಲಿನ 33 ಹೊಳೆಗಳಲ್ಲಿ ಸಾಲ್ಮನ್ ಹಿಡಿಯುವುದನ್ನೇ ನಿಲ್ಲಿಸಿದರು. ಅದೇ ತಿಂಗಳು ಕೆನಡಾ ಸರ್ಕಾರ ಬ್ರಿಟಿಷ್ ಕೊಲಂಬಿಯಾದ ತೆರೆದ ಬಲೆಪಂಜರಗಳಿಗೆ 2029ರ ಜೂನ್ 30ರ ಗಡುವು ಕೊಟ್ಟಿತು.

ಮಿತಿ ಪಾಲನೆ ಆಗುತ್ತಿಲ್ಲವೋ, ಮಿತಿಯೇ ತಪ್ಪೋ, ಅಥವಾ ಹೇನಿನ ಮೇಲೆ ಹೊರಿಸುವ ಅಪವಾದವೇ ಅತಿಯಾಯಿತೋ? ಪರ-ವಿರೋಧದ ಘೋಷಣೆ ಬೇಡ, ಲೆಕ್ಕ ಗೊತ್ತಿದ್ದವರು ಹೇಳಿ.

ಫ್ಯೋರ್ಡ್‌ಕನ್ನಡಿಗ:

ಮಿತಿಯನ್ನು ಬರೆದಿರುವುದು ಮೀನೊಂದಕ್ಕೆ. ಹೊಳೆಯ ಮರಿಗೆ ತಟ್ಟುವುದು ಒಟ್ಟು ಹೇನು. ಗಂಟು ಇರುವುದು ಅಲ್ಲೇ.

ಒಂದು ಪಂಜರದಲ್ಲಿ ಗರಿಷ್ಠ 2 ಲಕ್ಷ ಮೀನು ಬಿಡಬಹುದು. ಆರು ಪಂಜರದ ಒಂದು ತಾಣಕ್ಕೆ 12 ಲಕ್ಷ ಆಯಿತು. ಕಟ್ಟುನಿಟ್ಟಿನ 0.2 ಮಿತಿಯೊಳಗೇ ಇದ್ದರೂ 2.4 ಲಕ್ಷ ಹೆಣ್ಣು ಹೇನು. ಪ್ರತಿಯೊಂದೂ ಎರಡು ಮೊಟ್ಟೆಸರ ಬಾಲದಂತೆ ಎಳೆದುಕೊಂಡಿರುತ್ತದೆ. ಒಂದು ಜೊತೆ ಒಡೆಯಿತೆಂದರೆ ಮುಂದಿನ ಜೊತೆ ಸಿದ್ಧ. ಜೊತೆಗೆ 300 ಮೊಟ್ಟೆ ಎಂದು ಹಿಡಿದರೂ ಒಂದು ಸುತ್ತಿಗೆ 7.2 ಕೋಟಿ ಮರಿಹೇನು, ಅದೂ ನಿಯಮವನ್ನು ಅಕ್ಷರಶಃ ಪಾಲಿಸಿದ ತಾಣದಿಂದ. ನಾರ್ವೆಯ ಪಂಜರಗಳಲ್ಲಿ ಯಾವ ಹೊತ್ತಿಗೂ ಸುಮಾರು 40 ಕೋಟಿ ಸಾಕು ಸಾಲ್ಮನ್ ಇರುತ್ತವೆ. ಕಡಲಿನಿಂದ ಹೊಳೆಗೆ ಮರಳುವ ಸಾಲ್ಮನ್ ಈಚಿನ ವರ್ಷಗಳಲ್ಲಿ 5 ಲಕ್ಷಕ್ಕೂ ಕಡಿಮೆ.

ಮೊಟ್ಟೆಯಿಂದ ಬಂದದ್ದು ತಕ್ಷಣ ಅಂಟುವುದಿಲ್ಲ. ಮೊದಲ ಎರಡು ಹಂತ ನೀರಲ್ಲಿ ತೇಲುವುದಷ್ಟೇ. ಮೂರನೆಯದು, ಕೋಪಿಪೋಡಿಡ್, ಮೀನಿಗೆ ಕಚ್ಚಿಕೊಳ್ಳುವ ಹಂತ. 10 ಡಿಗ್ರಿ ನೀರಲ್ಲಿ ಅಲ್ಲಿಗೆ ತಲುಪಲು ನಾಲ್ಕು ದಿನದ ಆಸುಪಾಸು. ಅಷ್ಟರಲ್ಲಿ ಪ್ರವಾಹ ಅದನ್ನು ಹತ್ತಾರು ಕಿಲೋಮೀಟರ್ ಒಯ್ದಿರುತ್ತದೆ. ನಮ್ಮ ಪಂಜರದ ಹೇನು ಪಕ್ಕದವರ ಪಾಡು, ಪಕ್ಕದವರದ್ದು ನಮ್ಮ ಪಾಡು. ಒಬ್ಬರೇ ಪಂಜರ ಖಾಲಿ ಬಿಟ್ಟು ಕೂತರೆ ಪ್ರಯೋಜನ ಕಡಿಮೆ. ಇಡೀ ಫ್ಯೋರ್ಡ್ (ಬೆಟ್ಟಗಳ ನಡುವೆ ಒಳಚಾಚಿದ ಕಡಲು) ಒಟ್ಟಿಗೆ ಖಾಲಿ ಬಿಡಬೇಕು.

ಇನ್ನು ಹೊಳೆಯಿಂದಿಳಿಯುವ ಅಟ್ಲಾಂಟಿಕ್ ಮರಿ ಸುಮಾರು 20 ಗ್ರಾಂ. ಅಲ್ಲಿನ ತಜ್ಞರು ಬಳಸುವ ಅಂದಾಜು: ಮೈತೂಕದ ಗ್ರಾಂಗೆ 0.1ಕ್ಕಿಂತ ಕಡಿಮೆ ಹೇನಿದ್ದರೆ ಸಾವಿಲ್ಲ, 0.1ರಿಂದ 0.2ಕ್ಕೆ ನೂರಕ್ಕೆ 20 ಸಾವು, 0.2ರಿಂದ 0.3ಕ್ಕೆ 50, ಅದರ ಮೇಲೆ ಎಲ್ಲವೂ ಸಾಯುತ್ತವೆ. 20 ಗ್ರಾಂ ಮರಿಗೆ ಆರು ಹೇನು ದಾಟಿದರೆ ಕತೆ ಮುಗಿಯಿತು. ನಾಲ್ಕು ಕಿಲೋ ಸಾಕು ಮೀನಿಗೆ ಅದೇ ಆರು ಹೇನು ಲೆಕ್ಕಕ್ಕೇ ಇಲ್ಲ.

2017ರಿಂದ ಇರುವ ಟ್ರಾಫಿಕ್ ಲೈಟ್ ಪದ್ಧತಿ ಇದನ್ನು ಅರ್ಧ ಸರಿಪಡಿಸಿತು. ಕರಾವಳಿಯನ್ನು 13 ವಲಯ ಮಾಡಿ, ಹೇನಿನಿಂದ ಹೊಳೆಯ ಮರಿಗಳ ಸಾವು ನೂರಕ್ಕೆ 10ರ ಒಳಗಿದ್ದರೆ ಹಸಿರು, 30ರವರೆಗೆ ಹಳದಿ, ಮೇಲಾದರೆ ಕೆಂಪು. ಹಸಿರಾದರೆ ಉತ್ಪಾದನೆ ಶೇ 6 ಏರಿಸಬಹುದು, ಕೆಂಪಾದರೆ ಶೇ 6 ಇಳಿಸಬೇಕು. 2020ರಲ್ಲಿ ಪಶ್ಚಿಮದ ಎರಡು ವಲಯ ಕೆಂಪಾದವು. ಆದರೆ ಮರಿಗಳಲ್ಲಿ ಮೂರನೇ ಒಂದು ಭಾಗ ಸಾಯುತ್ತಿರುವ ಕಡೆ 6 ಇಳಿಸಿದರೆ ಎಷ್ಟರ ಮಟ್ಟಿಗೆ? ಅದು ನನಗೆ ಮದ್ದಿನಂತೆ ಕಾಣುವುದಿಲ್ಲ, ನೋಟಿಸಿನಂತೆ ಕಾಣುತ್ತದೆ.

ಎಣಿಕೆಯಲ್ಲೂ ಸೋರಿಕೆ ಇದೆ. ವಾರಕ್ಕೊಮ್ಮೆ ಪಂಜರಕ್ಕೆ 10ರಿಂದ 20 ಮೀನು ಹಿಡಿದು ಅರಿವಳಿಕೆ ತೊಟ್ಟಿಗೆ ಹಾಕಿ ಎಣಿಸುತ್ತಾರೆ. ಕೈಬಲೆಯಲ್ಲಿ ಮೇಲ್ಪದರದ ಮೀನು ಎತ್ತಿದರೆ ಸೊರಗಿದವೇ ಸಿಗುತ್ತವೆ, ಸರಾಸರಿ ಕೆಡುತ್ತದೆ. ಸುತ್ತುಬಲೆ ಹಾಕಿ ಗುಂಪು ಕೂಡಿಸಿ ಎತ್ತಬೇಕು. ತೊಟ್ಟಿಯ ತಳದಲ್ಲಿ ಉದುರಿದ ಹೇನನ್ನು ಲೆಕ್ಕಕ್ಕೆ ಸೇರಿಸುವುದು ಮರೆತರೆ ಅಂಕಿ ಇಳಿಯುತ್ತದೆ. ಈಗಷ್ಟೇ ಅಂಟಿದ ಮರಿಹೇನು ಬರಿಗಣ್ಣಿಗೆ ತಪ್ಪುವುದಂತೂ ಮಾಮೂಲು.

ಅಂದಹಾಗೆ, ನಮ್ಮ ಕೆರೆಗಳಲ್ಲಿ ಕಾಟ್ಲಾ, ರೋಹುಗೆ ಅಂಟುವ ಮೀನುಹೇನು ಆರ್ಗ್ಯುಲಸ್. ಇದು ಅದಲ್ಲ, ಕುಲವೇ ಬೇರೆ.

ಪೆಸಿಫಿಕ್‌ದಂಡೆ:

ಮೇಲಿನ ಲೆಕ್ಕ ನಾರ್ವೆಗೆ ಸರಿ. ಅದನ್ನು ಎತ್ತಿ ಬ್ರಿಟಿಷ್ ಕೊಲಂಬಿಯಾಕ್ಕೆ ಹಚ್ಚಬೇಡಿ.

ಅಲ್ಲಿ ಸಾಕುವುದು ಬಹುಪಾಲು ಅಟ್ಲಾಂಟಿಕ್ ಜಾತಿ, ಹೊಳೆಯದು ಪೆಸಿಫಿಕ್ ಜಾತಿಗಳು. ಎರಡೂ ಕೂಡಿ ಸಂತಾನವಾಗುವುದಿಲ್ಲ. ಹಾಗಾಗಿ ತಪ್ಪಿಸಿಕೊಂಡ ಮೀನಿನಿಂದ ತಳಿ ಕೆಡುವ ಪ್ರಶ್ನೆ ನಾರ್ವೆಯಷ್ಟು ಅಲ್ಲಿಲ್ಲ. ನಾರ್ವೆಯಲ್ಲಿ ಪರೀಕ್ಷಿಸಿದ ಹೊಳೆಗಳ ಪೈಕಿ ಸುಮಾರು ಮೂರನೇ ಎರಡರಷ್ಟರಲ್ಲಿ ಸಾಕು ತಳಿಯ ಗುರುತು ಸಿಕ್ಕಿದೆ. ಅಲ್ಲಿನ ಇಮ್ಸಾ ಹೊಳೆಗೆ ಸಾಕು ಸಾಲ್ಮನ್ ಬಿಟ್ಟು ನೋಡಿದಾಗ ಅವುಗಳ ಜೀವಮಾನದ ಸಂತಾನಶಕ್ತಿ ಹೊಳೆಯ ಮೀನಿನ ಶೇ 16 ಮಾತ್ರ. ಇದು ಹೇನಿಗಿಂತ ಗಟ್ಟಿ ವಾದ ಎಂಬುದು ನನ್ನ ಅಭಿಪ್ರಾಯ: ಹೇನನ್ನು ಮುಂದಿನ ವರ್ಷ ಇಳಿಸಬಹುದು, ಬೆರೆತ ತಳಿಯನ್ನು ಹೆಕ್ಕಲಾಗದು.

ಪೆಸಿಫಿಕ್‌ನಲ್ಲಿ ಮರಿಯ ಗಾತ್ರವೇ ಬೇರೆ. ಪಿಂಕ್ ಸಾಲ್ಮನ್ ಮರಿ ಕಡಲಿಗಿಳಿಯುವಾಗ ಕಾಲು ಗ್ರಾಂ, ಮೈಮೇಲೆ ಹುರುಪೆಯೂ ಮೂಡಿರುವುದಿಲ್ಲ. ಸುಮಾರು 0.7 ಗ್ರಾಂ ದಾಟುವವರೆಗೆ ಒಂದೆರಡು ಹೇನೇ ಜೀವಕ್ಕೆ ಕುತ್ತು. ಪ್ರಕೃತಿ ಇದಕ್ಕೆ ದಾರಿ ಮಾಡಿಟ್ಟಿತ್ತು: ಹೇನು ಹೊತ್ತ ದೊಡ್ಡ ಮೀನು ಶರತ್ಕಾಲದಲ್ಲಿ ಬಂದು ಹೊಳೆ ಹತ್ತಿ ಮೊಟ್ಟೆಯಿಟ್ಟು ಸಾಯುತ್ತವೆ, ಮರಿ ಇಳಿಯುವುದು ವಸಂತದಲ್ಲಿ. ಹೆತ್ತವರಿಗೂ ಮರಿಗೂ ದಂಡೆಯಲ್ಲಿ ಭೇಟಿಯೇ ಇಲ್ಲ. ಪಂಜರ ಮಾಡಿದ್ದು ಆ ಚಳಿಗಾಲದ ಅಂತರವನ್ನು ತುಂಬುವ ಕೆಲಸ. ಬರುವ ದೊಡ್ಡ ಮೀನಿನಿಂದ ಹೇನು ಪಂಜರಕ್ಕೆ ಹತ್ತುತ್ತದೆ, ಚಳಿಗಾಲವಿಡೀ ಅಲ್ಲೇ ಬೆಳೆದು ವಸಂತದಲ್ಲಿ ಮರಿಗಳಿಗೆ ಇಳಿಯುತ್ತದೆ. ಅದಕ್ಕೇ ಅಲ್ಲಿ ಮಾರ್ಚ್ 1ರಿಂದ ಜೂನ್ 30ರವರೆಗೆ ಮೀನೊಂದಕ್ಕೆ 3 ಚಲಿಸುವ ಹೇನು ಎಂಬ ಮಿತಿ. ಇದರಲ್ಲಿ ಗಂಡೂ ಎಳೆಯದೂ ಸೇರುವುದರಿಂದ ನಾರ್ವೆಯ 0.2ರ ಜೊತೆ ನೇರ ಹೋಲಿಕೆ ಸಲ್ಲದು.

ಜಗಳ ನಿಜವಾಗಿ ಎದ್ದದ್ದು ಅಲ್ಲಿನ ಬ್ರಾಟನ್ ದ್ವೀಪಸಮೂಹದಲ್ಲಿ. 2007ರಲ್ಲಿ ಸಂಶೋಧಕ ಕ್ರ್ಕೊಶೆಕ್ ಮತ್ತು ಜೊತೆಗಾರರು ಹೇನಿನಿಂದ ಅಲ್ಲಿನ ಪಿಂಕ್ ನಾಲ್ಕು ತಲೆಮಾರಿನಲ್ಲಿ ಶೇ 99 ಕುಸಿಯಬಹುದೆಂದು ಲೆಕ್ಕ ಹಾಕಿದರು. 2010ರಲ್ಲಿ ಮಾರ್ಟಿ ತಂಡ ಪಂಜರಗಳ ಹೇನಿನ ದಾಖಲೆಯನ್ನೇ ತೆಗೆದು ನೋಡಿ ಸಂಬಂಧ ಕಾಣಲಿಲ್ಲ ಎಂದಿತು. 2011ರಲ್ಲಿ ಕ್ರ್ಕೊಶೆಕ್ ತಂಡ ಹೋಲಿಕೆಗೆ ಪಂಜರ ಸೋಕದ ಹೊಳೆಗಳನ್ನೂ ಸೇರಿಸಿ ಸಂಬಂಧ ಇದೆ ಎಂದು ತೋರಿಸಿತು. ಯಾವ ಹೊಳೆಯನ್ನು ಹೋಲಿಕೆಗೆ ಇಟ್ಟೆವು ಎನ್ನುವುದರ ಮೇಲೆ ಉತ್ತರ ತಿರುಗುತ್ತದೆ.

ಫ್ರೇಸರ್ ಹೊಳೆಯ ಸಾಕ್‌ಐ (ಇನ್ನೊಂದು ಪೆಸಿಫಿಕ್ ಸಾಲ್ಮನ್) ಕತೆ ಇನ್ನೂ ತೊಡಕು. 2009ರಲ್ಲಿ ಸುಮಾರು 15 ಲಕ್ಷವಷ್ಟೇ ಬಂದವು, ಕಾರಣ ಹುಡುಕಲು ಆಯೋಗ ಕೂತಿತು; ಅದರ ಮರುವರ್ಷ ಮೂರು ಕೋಟಿಗೆ ಹತ್ತಿರ. ಪಂಜರ ಎರಡೂ ವರ್ಷ ಅಲ್ಲೇ ಇದ್ದವು. ಆಯೋಗದ ನ್ಯಾಯಮೂರ್ತಿ ಬ್ರೂಸ್ ಕೋಹೆನ್ 2012ರ ವರದಿಯಲ್ಲಿ ಒಬ್ಬನೇ ಆರೋಪಿಯನ್ನು ತೋರಿಸಲಿಲ್ಲ. ಫ್ರೇಸರ್ ಮರಿಗಳ ದಾರಿಯಲ್ಲಿರುವ ಡಿಸ್ಕವರಿ ದ್ವೀಪಗಳ ಪಂಜರಗಳಿಂದ ಅಪಾಯ ಕನಿಷ್ಠ ಎಂದು 2020ರ ಸೆಪ್ಟೆಂಬರ್‌ನೊಳಗೆ ಮನವರಿಕೆ ಆಗದಿದ್ದರೆ ನಿಲ್ಲಿಸಿ ಎಂದರು. ಮೀನುಗಾರಿಕೆ ಇಲಾಖೆಯ ವಿಜ್ಞಾನಿಗಳು ಒಂಬತ್ತು ರೋಗಾಣುಗಳ ಪರಿಶೀಲನೆಯಲ್ಲಿ ಅಪಾಯ ಕನಿಷ್ಠ ಎಂದರು. ಸಚಿವರು ಅದಾಗಿಯೂ ಮುಚ್ಚುವ ನಿರ್ಧಾರ ತೆಗೆದುಕೊಂಡರು. ಅಲ್ಲಿನ ಮೂಲನಿವಾಸಿಗಳೂ ಒಂದೇ ದನಿಯಲ್ಲಿಲ್ಲ: ಬ್ರಾಟನ್‌ನಲ್ಲಿ ಪಂಜರ ತೆಗೆಸಿದವರಲ್ಲಿ ನಮ್ಗಿಸ್ ಜನ ಇದ್ದರೆ, ಕ್ಲೆಮ್ಟುವಿನ ಕಿಟಾಸೂ ಜನ ಪಂಜರ ಬೇಕು ಎನ್ನುತ್ತಾರೆ.

ಆಕ್ಸಿಜನ್80:

ಇಬ್ಬರೂ ಬಿಟ್ಟ ಒಂದು ಮಾತು. ಮಿತಿ ಬಿಗಿಯಾದಷ್ಟೂ ಹೇನು ತೆಗೆಯುವ ಸರದಿ ಹೆಚ್ಚು, ಅದರ ಪೆಟ್ಟು ಸಾಕು ಮೀನಿಗೆ. 2023ರಲ್ಲಿ ನಾರ್ವೆಯ ಪಂಜರಗಳಲ್ಲಿ ಸಾವು ಶೇ 16.7.

ಮೊದಲು ಮದ್ದು ಮೇವಿನಲ್ಲಿತ್ತು. ಎಮಾಮೆಕ್ಟಿನ್, ದಿನಕ್ಕೆ ಕಿಲೋಗೆ 50 ಮೈಕ್ರೋಗ್ರಾಂ, ಏಳು ದಿನ. 1000 ಟನ್ ಮೀನಿಗೆ ದಿನಕ್ಕೆ 50 ಗ್ರಾಂ, ಒಟ್ಟು 350 ಗ್ರಾಂ. ಅಷ್ಟೇ! ಕಾಯಿಲೆ ಮೀನು ಮೇವು ಮುಟ್ಟುವುದಿಲ್ಲ, ಅದರ ಮೈಗೆ ಅರ್ಧ ಡೋಸ್, ಅದರ ಹೇನು ಬದುಕುತ್ತದೆ, ಆ ಹೇನಿನ ಸಂತಾನ ಮದ್ದಿಗೆ ಬಗ್ಗುವುದಿಲ್ಲ. ಪಂಜರದ ಕೆಳಗಿನ ಕೆಸರಲ್ಲಿ ಉಳಿದದ್ದು ಏಡಿ, ಸಿಗಡಿ ಪೊರೆ ಕಳಚುವುದಕ್ಕೂ ಅಡ್ಡಿ. ಈಗ 28ರಿಂದ 34 ಡಿಗ್ರಿ ನೀರಲ್ಲಿ ಅರ್ಧ ನಿಮಿಷ ಹಾಯಿಸುತ್ತಾರೆ, ಅಥವಾ ನೀರಿನ ಜೆಟ್, ಬ್ರಷ್. ಕಿವಿರು ರೋಗ ಇದ್ದ ಮೀನನ್ನು ಇದಕ್ಕೆ ಹಾಕಿದರೆ ಮರುದಿನ ಹೆಣ ಎತ್ತುವ ಕೆಲಸ. ಮೊದಲು ಕಿವಿರು ನೋಡಿ ಅಂಕ ಹಾಕಿ, ಎರಡು-ಮೂರು ದಿನ ಮೇವು ನಿಲ್ಲಿಸಿ, ಆಮೇಲಷ್ಟೇ.

ತಡೆಯುವ ದಾರಿಗಳಲ್ಲಿ ಅಗ್ಗದ್ದು ಲಂಗ: ಪಂಜರದ ಸುತ್ತ 5ರಿಂದ 10 ಮೀಟರ್ ಆಳಕ್ಕೆ ತಾಡಪಾಲಿನಂಥ ಬಟ್ಟೆ. ಮರಿಹೇನು ಮೇಲ್ಪದರದಲ್ಲೇ ಹೆಚ್ಚು. ಆದರೆ ನೀರಾಟ ಕುಗ್ಗಿ ಆಮ್ಲಜನಕ ಬೀಳುತ್ತದೆ. ನೀರು ಹಿಡಿದಿಡಬಲ್ಲ ಆಮ್ಲಜನಕದ ಶೇ 80ರ ಕೆಳಗೆ ಹೋದರೆ ಮೀನು ಮೇವು ಬಿಡಲು ಶುರು. ಮೀನನ್ನೇ ಆಳಕ್ಕೆ ಮುಳುಗಿಸೋಣ ಎಂದರೆ ಸಾಲ್ಮನ್ ಮೇಲೆ ಬಂದು ಗಾಳಿ ನುಂಗಿಯೇ ಈಜುಚೀಲ ತುಂಬಿಕೊಳ್ಳಬೇಕು. ಹಾಗಾಗಿ ನಡುವೆ ಕೊಳವೆ ಬಿಡುತ್ತಾರೆ, ಇಲ್ಲವೇ ನೀರೊಳಗೆ ಗಾಳಿಗುಮ್ಮಟ.

ಅಳಿವೆಬಾಗಿಲು:

ಹಾಗಿದ್ದರೆ ಪೂರ್ತಿ ದಂಡೆಗೆ ತಂದರೆ? ಹೇನೂ ಇಲ್ಲ, ತಪ್ಪಿಸಿಕೊಳ್ಳುವುದೂ ಇಲ್ಲ.

ಆಕ್ಸಿಜನ್80:

ಆಗುತ್ತದೆ, ಹಣ ಮತ್ತು ಕರೆಂಟ್ ಕೇಳುತ್ತದೆ. ಬಲೆಯಲ್ಲಿ ಘನ ಮೀಟರ್‌ಗೆ 25 ಕಿಲೋ ಗರಿಷ್ಠ. ದಂಡೆಯ ತೊಟ್ಟಿಯಲ್ಲಿ 60–80 ಇಡದಿದ್ದರೆ ಗಿಟ್ಟುವುದಿಲ್ಲ. ಅಷ್ಟು ದಟ್ಟಣೆಯಲ್ಲಿ ಆಮ್ಲಜನಕ ಹತ್ತಿಪ್ಪತ್ತು ನಿಮಿಷ ನಿಂತರೆ ತೊಟ್ಟಿ ಖಾಲಿ. ಉಪ್ಪುನೀರಲ್ಲಿ ಸಲ್ಫೇಟ್ ತುಂಬಾ. ಪೈಪಿನ ತಿರುವಲ್ಲಿ, ಫಿಲ್ಟರ್ ಮೂಲೆಯಲ್ಲಿ ಕೆಸರು ಕೂತರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಯಾರೋ ವಾಲ್ವ್ ತಿರುಗಿಸಿ ಆ ಕೆಸರು ಕದಡಿದ ದಿನವೇ ಅನಾಹುತ. ಮಾರುವ ಮುನ್ನ ಮಣ್ಣಿನ ವಾಸನೆ ಹೋಗಲು ಶುದ್ಧ ನೀರಲ್ಲಿ ಕೆಲವು ದಿನ ಉಪವಾಸ ಬೇರೆ.

ನಡುವಿನ ದಾರಿ ಹೆಚ್ಚು ನಡೆಯುತ್ತಿದೆ: 100 ಗ್ರಾಂಗೆ ಬಿಡುತ್ತಿದ್ದ ಮರಿಯನ್ನು ದಂಡೆಯಲ್ಲೇ 500 ಗ್ರಾಂವರೆಗೆ ಬೆಳೆಸಿ ಬಿಟ್ಟರೆ ಕಡಲಲ್ಲಿರುವ ಕಾಲ ತಿಂಗಳುಗಟ್ಟಲೆ ಕಡಿಮೆ, ಹೇನಿನ ಸುತ್ತುಗಳೂ ಕಡಿಮೆ.

ಭೂತಾಯಿ:

ತೊಟ್ಟಿ ಎಲ್ಲೇ ಇರಲಿ, ಮೇವಿನ ಒಂದು ಪಾಲು ಕಡಲಿನದ್ದೇ. 1990ರಲ್ಲಿ ನಾರ್ವೆಯ ಸಾಲ್ಮನ್ ಮೇವಿನಲ್ಲಿ ಶೇ 90ರಷ್ಟು ಮೀನುಪುಡಿ-ಮೀನೆಣ್ಣೆ ಇತ್ತು, ಈಗ 30ಕ್ಕಿಂತ ಕಡಿಮೆ, ಉಳಿದದ್ದು ಸೋಯಾ ಮುಂತಾದವು. ಪುಡಿಯನ್ನು ಬದಲಿಸುವುದು ಸುಲಭ, ಎಣ್ಣೆಯನ್ನು ಕಷ್ಟ. ಒಮೆಗಾ-3 ಇಲ್ಲದಿದ್ದರೆ ಸಾಲ್ಮನ್ ಕೊಳ್ಳುವವರ್ಯಾರು. ನಮ್ಮ ಕರಾವಳಿಯ ಭೂತಾಯಿ ಪುಡಿ ಕಾರ್ಖಾನೆಗೆ ಹೋಗುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮತ್ತೆ, ಮಾರ್ಕೆಟ್‌ನಲ್ಲಿ "ಇಂಡಿಯನ್ ಸಾಲ್ಮನ್" ಎಂದು ಕೊಡುವ ರಾವಸ್‌ಗೂ ಈ ಚರ್ಚೆಗೂ ಸಂಬಂಧವಿಲ್ಲ, ಅದು ಸಾಲ್ಮನ್ನೇ ಅಲ್ಲ.

ಫ್ಯೋರ್ಡ್‌ಕನ್ನಡಿಗ:

ಅಳಿವೆಬಾಗಿಲು ಅವರೇ, ಲೆಕ್ಕ ನೀವೇ ಹಾಕಿ ನೋಡಬಹುದು. ಬ್ಯಾರೆಂಟ್ಸ್‌ವಾಚ್ ಎಂಬ ಜಾಲತಾಣದಲ್ಲಿ ನಾರ್ವೆಯ ತಾಣವಾರು ಹೇನಿನ ಸರಾಸರಿ ವಾರ ವಾರ ಸಿಗುತ್ತದೆ. ತಾಣದ ಪರವಾನಗಿ ಟನ್‌ನಲ್ಲಿ ಇರುತ್ತದೆ, ಉದಾಹರಣೆಗೆ 3120. ಸರಾಸರಿ 2.5 ಕಿಲೋ ಮೀನು ಎಂದು ಭಾಗಿಸಿದರೆ ಸುಮಾರು 12.5 ಲಕ್ಷ, ಅದನ್ನು ಆ ವಾರದ ಸರಾಸರಿಗೆ ಗುಣಿಸಿ. ಪರವಾನಗಿ ಗರಿಷ್ಠ ಮಿತಿ, ಆದ್ದರಿಂದ ಬರುವ ಉತ್ತರ ಮೇಲಿನ ಅಂಚು. ಒಂದು ತಾಣ ನೋಡಿ ಬಿಡಬೇಡಿ. ಹೊಳೆಯ ಬಾಯಿಂದ ತೆರೆಗಡಲಿನವರೆಗೆ ಮರಿ ಈಜುವ ದಾರಿಯ ಎಲ್ಲ ತಾಣ ಕೂಡಿಸಿ, ಏಪ್ರಿಲ್ ನಡುವಿನಿಂದ ಮೇ ಕೊನೆಯ ವಾರಗಳನ್ನಷ್ಟೇ ತೆಗೆದುಕೊಳ್ಳಿ. ಉತ್ತರದ ಹೊಳೆಗಳಾದರೆ ಐದು ವಾರ ಮುಂದಕ್ಕೆ.